ಮೈಸೂರಲ್ಲಿ ಮನೆ ಮಾಡೋರಿಗೆ: ಯಾವ ಬಡಾವಣೆ, ಯಾರಿಗೆ?

ಸಂಕ್ರಾಂತಿ ಮುಗಿದ ವಾರ ತಂಗಿ ಫೋನ್ ಮಾಡಿದಳು. "ಅಕ್ಕಾ, ಇವರಿಗೆ ಮೈಸೂರಿನ ಹೆಬ್ಬಾಳದಲ್ಲಿ ಕೆಲಸ ಆಯ್ತು. ಬೆಂಗಳೂರು ಬಿಟ್ಟು ಮೈಸೂರಿಗೆ ಬರ್ತಿದ್ದೀವಿ. ಯಾವ ಏರಿಯಾ ಒಳ್ಳೇದು ಹೇಳು" ಅಂದಳು. ನಾನು 22 ವರ್ಷದಿಂದ ಇದೇ ಊರಲ್ಲಿದ್ದೇನೆ. ನಾಲ್ಕು ಬಾಡಿಗೆ ಮನೆ ಕಂಡಿದ್ದೇನೆ. ಆದರೂ ತಟ್ಟನೆ ಉತ್ತರ ಕೊಡೋಕೆ ಆಗಲಿಲ್ಲ. "ಹಗಲು ಹೊತ್ತು ಮನೇಲಿ ಇರೋದು ಯಾರು?" ಅಂತ ತಿರುಗಿ ಕೇಳಿದೆ.

ಅವಳ ಮನೆಯಲ್ಲಿ ಐದು ಜನ. ಗಂಡ ಬೆಳಗ್ಗೆ ಹೋದರೆ ಬರೋದು ರಾತ್ರಿ. ತಂಗಿಗೂ ಕೆಲಸ ಇದೆ. ದೊಡ್ಡ ಮಗಳು ಒಂಬತ್ತನೇ ಕ್ಲಾಸು, ಚಿಕ್ಕವನು ನಾಲ್ಕನೇ ಕ್ಲಾಸು. ಇನ್ನು ಅವಳ ಅತ್ತೆ. 72 ವರ್ಷ, ಮಂಡಿ ನೋವು, ಮನಸ್ಸು ಮಾತ್ರ ಚುರುಕು. ದಿನಾ ಪೇಪರ್ ಓದಬೇಕು, ಸೊಪ್ಪು ತಾವೇ ಆರಿಸಿ ತರಬೇಕು, ಸಂಜೆ ನಾಲ್ಕು ಜನರ ಹತ್ತಿರ ಮಾತಾಡಬೇಕು. ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಹೊತ್ತು ಇರೋರು ಅವರೇ. ಆದರೆ ಮನೆ ಹುಡುಕುವಾಗ ಎಲ್ಲರೂ ಲೆಕ್ಕ ಹಾಕೋದು ಆಫೀಸು ಎಷ್ಟು ದೂರ ಅಂತ. ಮೈಸೂರಲ್ಲಿ ಆ ಲೆಕ್ಕ ಅಷ್ಟು ಮುಖ್ಯ ಅಲ್ಲ. ಇಡೀ ರಿಂಗ್ ರೋಡ್ ಸುತ್ತಿದರೂ ಸುಮಾರು 42 ಕಿಲೋಮೀಟರ್. ಊರಿನ ಈ ತುದಿಯಿಂದ ಆ ತುದಿಗೆ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆ ಹಿಡಿಯೋದೇ ಅಪರೂಪ. ಹಾಗಾಗಿ ಹಗಲಿಡೀ ಮನೆಯಲ್ಲಿ ಇರೋರನ್ನು ನೋಡಿ ಬಡಾವಣೆ ಆರಿಸಿ ಅನ್ನೋದು ನನ್ನ ಮಾತು.

ಮೂರು ಭಾನುವಾರ ಅವರನ್ನು ಕರಕೊಂಡು ಊರೆಲ್ಲ ಸುತ್ತಿದೆ. ಆಗ ಕಂಡದ್ದು, ಮೊದಲೇ ಗೊತ್ತಿದ್ದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ನೀರು

ಮೈಸೂರಿಗೆ ಕಾವೇರಿ ಪಕ್ಕದಲ್ಲೇ ಇದೆ, ನೀರಿಗೇನು ಕಷ್ಟ ಅಂತ ಬೆಂಗಳೂರಿಂದ ಬರೋರು ಅಂದುಕೊಳ್ಳುತ್ತಾರೆ. ಊರೊಳಗಿನ ಹಳೆಯ ಬಡಾವಣೆಗಳಿಗೆ ಅದು ಬಹುಮಟ್ಟಿಗೆ ನಿಜ. ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಕಾವೇರಿ ನೀರು ಬರುತ್ತದೆ. ದಕ್ಷಿಣದ ಕೆಲವು ಕಡೆಗೆ ಕಬಿನಿ ನೀರೂ ಉಂಟು. ಆದರೆ ರಿಂಗ್ ರೋಡ್ ದಾಟಿದರೆ ಬಹಳಷ್ಟು ಲೇಔಟುಗಳಿಗೆ ಇವತ್ತಿಗೂ ಬೋರ್‌ವೆಲ್ಲೇ ಗತಿ. ಕೆ.ಆರ್.ಎಸ್. ಹಿನ್ನೀರಿನಿಂದ ನೀರು ತರುವ ಹಳೇ ಉಂಡುವಾಡಿ ಯೋಜನೆಯ ಮಾತು ವರ್ಷಗಳಿಂದ ನಡೆದೇ ಇದೆ. ಹೊರಗಿನ ಬಡಾವಣೆಯವರೆಲ್ಲ ಅದಕ್ಕೇ ಕಾಯುತ್ತಿದ್ದಾರೆ.

ನಾನೂ ಒಮ್ಮೆ ಹೀಗೆ ಕಾದವಳೇ. ರಿಂಗ್ ರೋಡಿನ ಆಚೆಗೆ ಒಂದು ಹೊಸ ಲೇಔಟಿನಲ್ಲಿ ಮೂರು ವರ್ಷ ಇದ್ದೆವು. ಮನೆ ತೋರಿಸಿದ ಬ್ರೋಕರ್ "ಆರು ತಿಂಗಳಲ್ಲಿ ಕಾವೇರಿ ನೀರು ಬಂದುಬಿಡುತ್ತೆ ಮೇಡಂ" ಅಂದಿದ್ದರು. ನಾವು ಖಾಲಿ ಮಾಡುವ ದಿನದವರೆಗೂ ಬರಲಿಲ್ಲ. ಊರೊಳಗಿನ ಬಾಡಿಗೆಗಿಂತ ತಿಂಗಳಿಗೆ 3,000 ರೂಪಾಯಿ ಉಳಿಯಿತು ಅಂತ ಖುಷಿಪಟ್ಟಿದ್ದೆವು. ಬೇಸಿಗೆಯಲ್ಲಿ ಟ್ಯಾಂಕರ್, ಕುಡಿಯೋಕೆ ಕ್ಯಾನ್ ನೀರು, ಎರಡು ಗಾಡಿಯ ಪೆಟ್ರೋಲು ಸೇರಿ ಆ ಉಳಿತಾಯ ಪೂರಾ ಕರಗಿಹೋಯಿತು. ಎಲ್ಲಕ್ಕಿಂತ ನನಗೆ ಬೇಜಾರಾದದ್ದು ಅಡುಗೆಮನೆಯಲ್ಲಿ. ಗಡಸು ನೀರಿನಲ್ಲಿ ತೊಗರಿಬೇಳೆ ಎಷ್ಟು ವಿಷಲ್ ಕೂಗಿಸಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು. ಹಾಲು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳೀ ಪದರ. ಗೀಸರಿನ ಕಾಯಿಲ್ ಎರಡು ಸಲ ಹೋಯಿತು.

ಅಲ್ಲಿಂದ ಈಚೆಗೆ ಯಾವ ಮನೆ ನೋಡೋಕೆ ಹೋದರೂ ನಾನು ಮೊದಲು ನೋಡೋದು ಬಚ್ಚಲುಮನೆಯ ನಲ್ಲಿಯ ಬಾಯಿ. ಅಲ್ಲಿ ಸುಣ್ಣದಂಥ ಬಿಳಿ ಕಟ್ಟಿದ್ದರೆ ಆ ಮನೆಗೆ ಬರೋದು ಬೋರ್ ನೀರು ಅಂತ ಗೊತ್ತಾಗುತ್ತದೆ. ಆಮೇಲೆ ಓನರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳುತ್ತೇನೆ: "ಕಾವೇರಿ ಎಷ್ಟು ದಿನಕ್ಕೊಂದು ಸಲ ಬಿಡ್ತಾರೆ? ಎಷ್ಟು ಹೊತ್ತು ಬರುತ್ತೆ? ಏಪ್ರಿಲ್ಲಲ್ಲಿ ಹೇಗೆ?" ಮೂರನೇ ಪ್ರಶ್ನೆ ಮರೀಬೇಡಿ. ಮಳೆಗಾಲದಲ್ಲಿ ಮನೆ ನೋಡಿ ಬೇಸಿಗೆಯಲ್ಲಿ ಅತ್ತವರನ್ನು ಕಂಡಿದ್ದೇನೆ.

ಹಳೇ ಪುರಂಗಳು: ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ

ಪ್ಲೇಗ್ ಬಂದು ಹೋದ ಮೇಲೆ ಮಹಾರಾಜರ ಕಾಲದಲ್ಲಿ ಯೋಜನೆ ಹಾಕಿ ಬೆಳೆಸಿದ ಬಡಾವಣೆಗಳು ಇವು. ಗಾಳಿ ಬೆಳಕು ಬೇಕು ಅಂತಲೇ ನೇರ ರಸ್ತೆ ಬಿಟ್ಟರು. ಮನೆಗಳ ಹಿಂದೆ ಕಸ, ಕಕ್ಕಸು ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಆ ಗಲ್ಲಿಗಳು ಈಗಲೂ ಇವೆ. ಕೆಲವು ಕಡೆ ಒತ್ತುವರಿ ಆಗಿವೆ, ಕೆಲವು ಕಡೆ ಮಕ್ಕಳ ಕ್ರಿಕೆಟ್ ಪಿಚ್ ಆಗಿವೆ.

ಮೊದಲ ಭಾನುವಾರ ತಂಗಿಯ ಅತ್ತೆಯನ್ನು ನಂಜುಮಳಿಗೆ ಸರ್ಕಲ್ಲಿಗೆ ಕರಕೊಂಡು ಹೋದೆ. ಬೆಳಗ್ಗೆ ಏಳೂವರೆ. ಗೋಣಿಚೀಲದ ಮೇಲೆ ದಂಟು, ಕೀರೆ, ಸಬ್ಬಸಿಗೆ ರಾಶಿ. ಕಂತೆಗಳ ಮೇಲೆ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹೂವಿನವರು ಮೊಳ ಹಾಕಿ ಕಟ್ಟಿದ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟಿದ್ದರು. ಅತ್ತೆಯವರು ಸಬ್ಬಸಿಗೆ ಸೊಪ್ಪಿನ ಕಟ್ಟು ಎತ್ತಿ ಮೂಸಿ ನೋಡಿ, ಚೌಕಾಸಿ ಮಾಡಿ, ಮೂರು ಕಟ್ಟು ತಗೊಂಡರು. ಮನೆ ಇನ್ನೂ ಸಿಕ್ಕಿರಲಿಲ್ಲ, ಸೊಪ್ಪು ಆಗಲೇ ಕೈಯಲ್ಲಿತ್ತು. ಅವರ ಮುಖ ನೋಡಿದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು.

ಇಲ್ಲಿ ನಡೆದು ಹೋಗುವಷ್ಟರಲ್ಲಿ ಎಲ್ಲ ಸಿಗುತ್ತದೆ. ದಿನಸಿ ಅಂಗಡಿ, ದರ್ಜಿ, ಮೆಡಿಕಲ್ ಶಾಪು, ದೇವಸ್ಥಾನ, ಹಿಟ್ಟಿನ ಗಿರಣಿ. ಅಗ್ರಹಾರದ ಕಡೆಗೆ ಹೊರಟರೆ ಜೆ.ಎಸ್.ಎಸ್. ಆಸ್ಪತ್ರೆ ಇದೆ. ಮರಿಮಲ್ಲಪ್ಪ, ಸದ್ವಿದ್ಯಾದಂಥ ಹಳೆಯ ವಿದ್ಯಾಸಂಸ್ಥೆಗಳು ಹತ್ತಿರ. ಚಾಮರಾಜಪುರಂನಲ್ಲಿ ಪುಟ್ಟದೊಂದು ರೈಲ್ವೆ ಸ್ಟೇಷನ್ನೂ ಇದೆ. ನಂಜನಗೂಡು, ಚಾಮರಾಜನಗರದ ಕಡೆ ನಂಟರಿದ್ದರೆ ಅದು ದೊಡ್ಡ ಅನುಕೂಲ.

ತೊಂದರೆಯೂ ಇದೆ. ಮನೆಗಳಿಗೆ ವಯಸ್ಸಾಗಿದೆ. ವೈರಿಂಗ್ ಹಳೆಯದು, ಮಳೆಗಾಲದಲ್ಲಿ ಗೋಡೆ ತಣ್ಣಗಿರುತ್ತದೆ. ಕಾರು ನಿಲ್ಲಿಸೋಕೆ ಜಾಗ ಇರೋದಿಲ್ಲ. ಆಗ ಮನೆಗೊಂದು ಸೈಕಲ್ ಇತ್ತು, ಈಗ ಮನೆಗೆ ಎರಡು ಕಾರು. ದಸರಾ ಹೊತ್ತಿನಲ್ಲಿ ಹತ್ತಿರದ ರಸ್ತೆಗಳು ಬಂದ್ ಆಗುತ್ತವೆ, ಒನ್ ವೇ ಆಗುತ್ತವೆ. ಬಾಡಿಗೆಯ ಮನೆಗಳೂ ಅಷ್ಟಾಗಿ ಬೋರ್ಡಿಗೆ ಬರೋದಿಲ್ಲ. ಬಾಯಿಂದ ಬಾಯಿಗೆ ಹೋಗಿಬಿಡುತ್ತವೆ. ಗುರುತಿರುವ ಒಬ್ಬರನ್ನು ಹಿಡಿಯಲೇಬೇಕು.

ಸರಸ್ವತಿಪುರಂ, ಕುವೆಂಪುನಗರ

ನನ್ನನ್ನು ಕೇಳಿದರೆ ಮಧ್ಯವಯಸ್ಸಿನ ಸಂಸಾರಕ್ಕೆ ಹೊಂದುವ ಜಾಗ ಇದು. ಸರಸ್ವತಿಪುರಂಗೆ ಒಂದು ಕಡೆ ಮಾನಸಗಂಗೋತ್ರಿ, ಕುಕ್ಕರಹಳ್ಳಿ ಕೆರೆ. ಆ ಕೆರೆಯ ಏರಿಯ ಮೇಲೆ ಬೆಳಗ್ಗೆ ಆರಕ್ಕೆ ನಡೆದರೆ ಅರ್ಧ ಊರಿನ ಮೇಷ್ಟ್ರುಗಳು, ಡಾಕ್ಟರುಗಳು ಎದುರು ಸಿಗುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ. ಈಗಲೂ ಹೆಜ್ಜಾರ್ಲೆ ಬಂದು ಕೂರುತ್ತವೆ. ಒಂದು ತೊಡಕು ಅಂದರೆ ಕುಕ್ಕರಹಳ್ಳಿ ರೈಲ್ವೆ ಗೇಟು. ಶಾಲೆಯ ಹೊತ್ತಿಗೆ ಸರಿಯಾಗಿ ಗೇಟ್ ಬಿದ್ದರೆ ಆಟೋದಲ್ಲಿ ಕೂತ ಮಕ್ಕಳ ಚಡಪಡಿಕೆ ನೋಡೋಕಾಗಲ್ಲ.

ಕುವೆಂಪುನಗರ ಇನ್ನೂ ದೊಡ್ಡದು. ರಸ್ತೆಗಳ ಹೆಸರು ನೋಡಿ: ಉದಯರವಿ, ಪಂಚಮಂತ್ರ, ಅನಿಕೇತನ, ವಿಶ್ವಮಾನವ ಜೋಡಿ ರಸ್ತೆ. ಕನ್ನಡ ಪಾಠದ ಪುಸ್ತಕವನ್ನೇ ಬೀದಿಯಲ್ಲಿ ಬಿಡಿಸಿಟ್ಟ ಹಾಗಿದೆ. ಸರಕಾರಿ ನೌಕರರು, ನಿವೃತ್ತರು, ಪಿಯು ಮಕ್ಕಳಿರುವ ಸಂಸಾರಗಳು ಜಾಸ್ತಿ. ಟ್ಯೂಷನ್, ಸಂಗೀತದ ಪಾಠ, ಭರತನಾಟ್ಯ, ಎಲ್ಲಕ್ಕೂ ಮಕ್ಕಳು ಸೈಕಲ್ಲಿನಲ್ಲೇ ಹೋಗಿಬರಬಹುದು. ಹತ್ತನೇ ಕ್ಲಾಸು ದಾಟುವ ಮಕ್ಕಳಿದ್ದರೆ ಇದು ಸಣ್ಣ ಮಾತಲ್ಲ. ಇಲ್ಲದಿದ್ದರೆ ಎರಡು ವರ್ಷ ಅಪ್ಪ ಅಮ್ಮನಿಗೆ ಡ್ರೈವರ್ ಕೆಲಸ. ದೊಡ್ಡ ಆಸ್ಪತ್ರೆ ಬಡಾವಣೆಯೊಳಗೇ ಇದೆ. ಸಿಟಿ ಬಸ್ಸು ಆಗಾಗ ಸಿಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಉಚಿತ ಅಲ್ವಾ? ಮನೆ ಕೆಲಸಕ್ಕೆ ಬರುವವರು ಕೂಡ ಬಸ್ ರೂಟ್ ನೋಡಿಯೇ ಮನೆ ಒಪ್ಪಿಕೊಳ್ಳುತ್ತಾರೆ. ಬಡಾವಣೆ ಆರಿಸುವಾಗ ಇದನ್ನೂ ಗಮನಿಸಿ.

ಕುವೆಂಪುನಗರದಿಂದ ಹೆಬ್ಬಾಳಕ್ಕೆ ಬಸ್ಸಿನಲ್ಲಿ ಹೋಗಬೇಕಾದವರು ಮಾತ್ರ ಯೋಚಿಸಬೇಕು. ಹೆಚ್ಚಿನ ಬಸ್ಸುಗಳು ಅರಮನೆ ಹತ್ತಿರದ ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ ಅಲ್ಲಿಂದ ಹೊರಡುತ್ತವೆ. ಊರಿನ ನಡುವಿಗೆ ಹೋಗಿ ಇಳಿದು ಇನ್ನೊಂದು ಹತ್ತಬೇಕು. ಸ್ವಂತ ಗಾಡಿ ಇದ್ದರೆ ತೊಂದರೆ ಇಲ್ಲ.

ಒಂಟಿಕೊಪ್ಪಲ್, ಜಯಲಕ್ಷ್ಮೀಪುರಂ, ಯಾದವಗಿರಿ, ಗೋಕುಲಂ

ಎರಡನೇ ಭಾನುವಾರ ಊರಿನ ಉತ್ತರಕ್ಕೆ ಹೋದೆವು. ಯಾದವಗಿರಿಗೆ ರೈಲ್ವೆ ಸ್ಟೇಷನ್ ಪಕ್ಕದಲ್ಲೇ. ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿಬರೋರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆರ್.ಕೆ. ನಾರಾಯಣ್ ಇದ್ದ ಮನೆ ಇಲ್ಲೇ ಇದೆ, ಈಗ ಮ್ಯೂಸಿಯಂ ಆಗಿದೆ. ಬಾಡಿಗೆ ದುಬಾರಿ, ಮನೆಗಳು ಕಡಿಮೆ.

ಗೋಕುಲಂನ ಕಥೆ ಬೇರೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಶಾಲೆ ಅಲ್ಲಿಗೆ ಬಂದ ಮೇಲೆ ಪರದೇಶದವರು ತಿಂಗಳುಗಟ್ಟಲೆ ಬಂದು ಇರತೊಡಗಿದರು. ಮನೆಯ ಮೇಲೊಂದು ರೂಮು ಹಾಕಿ ಅವರಿಗೆ ಕೊಡೋದು ಅಲ್ಲಿನ ಅನೇಕರಿಗೆ ರೂಢಿ. ಹೀಗಾಗಿ ಚಿಕ್ಕ ಮನೆಗಳ ಬಾಡಿಗೆ ಸುತ್ತಲಿನ ಏರಿಯಾಕ್ಕಿಂತ ಏರಿಬಿಟ್ಟಿದೆ. ಮರಗಳು ಚೆನ್ನಾಗಿವೆ, ರಸ್ತೆ ಶಾಂತ. ಒಂಟಿಯಾಗಿರುವ ಹುಡುಗಿಯರಿಗೆ ಮನೆ ಸಿಗೋದು ಬೇರೆ ಕಡೆಗಿಂತ ಇಲ್ಲಿ ಸುಲಭ. ನನ್ನ ಪರಿಚಯದ ಇಬ್ಬರು ಹುಡುಗಿಯರು ಇದೇ ಕಾರಣಕ್ಕೆ ಇಲ್ಲಿದ್ದಾರೆ.

ಒಂಟಿಕೊಪ್ಪಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಾಗದದಲ್ಲಿ ವಾಣಿವಿಲಾಸ ಮೊಹಲ್ಲಾ, ಬಾಯಲ್ಲಿ ಒಂಟಿಕೊಪ್ಪಲ್. ಕುವೆಂಪು ಅವರ ಮನೆ 'ಉದಯರವಿ' ಇರೋದು ಇಲ್ಲೇ. ಹಳೇ ಪುರಂಗಳ ಹಾಗೆ ಇಲ್ಲೂ ಎಲ್ಲ ಕಾಲಳತೆಯಲ್ಲಿದೆ: ಮಾರ್ಕೆಟ್ಟು, ಚಂದ್ರಮೌಳೇಶ್ವರ ದೇವಸ್ಥಾನ, ಬ್ಯಾಂಕು, ದೋಸೆ ಹೋಟೆಲು. ಹೆಬ್ಬಾಳವೂ ಹತ್ತಿರ. ಕೆ.ಆರ್.ಎಸ್. ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಮನೆಯಲ್ಲಿ ಹೃದಯದ ತೊಂದರೆ ಇರುವ ಹಿರಿಯರಿದ್ದರೆ ರಾತ್ರಿ ಹನ್ನೊಂದಕ್ಕೆ ಅಲ್ಲಿಗೆ ಎಷ್ಟು ನಿಮಿಷ ಅಂತ ಒಮ್ಮೆ ಓಡಿಸಿ ನೋಡಿ. ನಾವು ನೋಡಿದೆವು. ಹತ್ತು ನಿಮಿಷವೂ ಆಗಲಿಲ್ಲ.

ಇಲ್ಲಿನ ತೊಂದರೆ ಅಂದರೆ ಕಾಳಿದಾಸ ರಸ್ತೆಯ ಸಂಜೆಯ ಗದ್ದಲ, ಪಾರ್ಕಿಂಗ್. ಮುಖ್ಯ ರಸ್ತೆಗೆ ಅಂಟಿದ ಮನೆ ಬೇಡ. ಒಂದೆರಡು ಕ್ರಾಸ್ ಒಳಗೆ ಹುಡುಕಿ.

ವಿಜಯನಗರ, ಹಿನಕಲ್, ಹೆಬ್ಬಾಳ, ಹೂಟಗಳ್ಳಿ

ಹೊಸದಾಗಿ ಊರಿಗೆ ಬಂದವರಿಗೆ ಬ್ರೋಕರುಗಳು ಮೊದಲು ತೋರಿಸೋದೇ ವಿಜಯನಗರ. ಅಗಲ ರಸ್ತೆ, ಹೊಸ ಮನೆ, ಕಾರಿಗೆ ಜಾಗ. ಇನ್ಫೋಸಿಸ್, ಹೆಬ್ಬಾಳದ ಕಾರ್ಖಾನೆಗಳು ಎಲ್ಲ ಹತ್ತಿರ. ಆದರೆ ವಿಜಯನಗರ ಅಂದರೆ ಒಂದೇ ಏರಿಯಾ ಅಂದುಕೊಳ್ಳಬೇಡಿ. ಒಂದನೇ ಹಂತಕ್ಕೂ ನಾಲ್ಕನೇ ಹಂತಕ್ಕೂ ಅಜಗಜಾಂತರ. ಒಂದನೇ ಹಂತ ಹಳೆಯದು, ನೆಲೆನಿಂತದ್ದು. ಯೋಗನರಸಿಂಹಸ್ವಾಮಿ ದೇವಸ್ಥಾನ ಅಲ್ಲೇ. ಜನವರಿ 1ರಂದು ಅಲ್ಲಿ ಲಾಡು ಹಂಚುವಾಗ ಸಾಲು ಎಲ್ಲಿಗೆ ಮುಗಿಯುತ್ತದೆ ಅಂತ ಹೇಳೋಕಾಗಲ್ಲ. ನಾಲ್ಕನೇ ಹಂತ ರಿಂಗ್ ರೋಡ್ ದಾಟಿ ಹೋಗಿದೆ. ಕೆಲವು ರಸ್ತೆಯಲ್ಲಿ ಸಾಲು ಮನೆ, ಪಕ್ಕದ ರಸ್ತೆಯಲ್ಲಿ ನಾಲ್ಕು ಮನೆ, ಉಳಿದದ್ದು ಲಂಟಾನ ಬೆಳೆದ ಖಾಲಿ ಸೈಟು.

ನಾವು ನೋಡಿದ ಒಂದು ಮನೆ ನಿಜಕ್ಕೂ ಚೆನ್ನಾಗಿತ್ತು. ಮೂರು ಬೆಡ್‌ರೂಮು, ಮಾಡ್ಯುಲರ್ ಕಿಚನ್, ಸೋಲಾರು. ತಂಗಿಗೆ ಅಡುಗೆಮನೆಯ ಮೇಲೆ ಕಣ್ಣು ಹೋಯಿತು. ಅತ್ತೆಯವರು ಗೇಟಿನ ಹತ್ತಿರ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಇಲ್ಲಿ ಕೊತ್ತಂಬರಿ ಸೊಪ್ಪು ಬೇಕಾದ್ರೆ ಯಾರನ್ನ ಕೇಳಬೇಕು?" ಅಂದರು. ಹತ್ತು ನಿಮಿಷ ನಿಂತರೂ ಆ ರಸ್ತೆಯಲ್ಲಿ ಒಬ್ಬರೂ ಸುಳಿಯಲಿಲ್ಲ. ಇಬ್ಬರೂ ದುಡಿಯುವ ಎಳೆಯ ಜೋಡಿಗೆ ಆ ಮನೆ ಬಹಳ ಚೆನ್ನ. ಬೇಕಾದದ್ದನ್ನು ಫೋನಿನಲ್ಲಿ ತರಿಸುತ್ತಾರೆ, ರಾತ್ರಿ ಬಂದು ಮಲಗುತ್ತಾರೆ. ಹಗಲಿಡೀ ಒಬ್ಬರೇ ಇರುವ ವಯಸ್ಸಾದವರಿಗೆ ಆ ನಿಶ್ಶಬ್ದ ಭಾರ ಆಗುತ್ತದೆ.

ಹೆಬ್ಬಾಳ, ಹೂಟಗಳ್ಳಿಯಲ್ಲಿ ಬಾಡಿಗೆ ಕಡಿಮೆ, ಕಾರ್ಖಾನೆಗೆ ಶಿಫ್ಟಿನಲ್ಲಿ ಹೋಗೋರಿಗೆ ಅನುಕೂಲ. ಕೂರ್ಗಳ್ಳಿ, ಇಲವಾಲದ ಕಡೆ ಹೋದಷ್ಟೂ ಕುರುಚಲು ಕಾಡು ಹತ್ತಿರ. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಕ್ಯಾಂಪಸ್ಸಿನೊಳಗೇ ಚಿರತೆ ಕಾಣಿಸಿಕೊಂಡು ಎಲ್ಲರಿಗೂ ಮನೆಯಿಂದಲೇ ಕೆಲಸ ಮಾಡಿ ಅಂದಿದ್ದರು. ಹೆದರಿಸೋಕೆ ಹೇಳುತ್ತಿಲ್ಲ. ಅಂಚಿನ ಲೇಔಟುಗಳಲ್ಲಿ ಬೀದಿದೀಪ ಉರಿಯುತ್ತಾ ಅಂತ ರಾತ್ರಿ ಹೋಗಿ ನೋಡಲೇಬೇಕು, ಅದಕ್ಕೆ ಹೇಳಿದೆ.

ದಕ್ಷಿಣ ಮತ್ತು ಪೂರ್ವ

ರಾಮಕೃಷ್ಣನಗರ, ದಟ್ಟಗಳ್ಳಿ ಈಗ ಕುವೆಂಪುನಗರದ ತಮ್ಮಂದಿರ ಹಾಗೆ ಬೆಳೆದಿವೆ. ಬಾಡಿಗೆ ಸ್ವಲ್ಪ ಕಡಿಮೆ, ಅನುಕೂಲ ಹೆಚ್ಚುಕಡಿಮೆ ಅಷ್ಟೇ. 'ನಟನ' ರಂಗಶಾಲೆ ರಾಮಕೃಷ್ಣನಗರದಲ್ಲಿದೆ, ಮಕ್ಕಳನ್ನು ನಾಟಕಕ್ಕೆ ಕಳಿಸೋರು ಅದನ್ನೇ ಕಾರಣ ಮಾಡಿಕೊಂಡು ಇಲ್ಲಿ ಮನೆ ಮಾಡಿದ್ದುಂಟು. ಲಿಂಗಾಂಬುಧಿ ಕೆರೆ ಪಕ್ಕದಲ್ಲಿದೆ, ಪಕ್ಷಿ ನೋಡುವವರಿಗೆ ಸ್ವರ್ಗ. ಶ್ರೀರಾಂಪುರ, ಜೆ.ಪಿ. ನಗರದ ಕಡೆ ಎರಡು ವಿಷಯ ನೋಡಿಕೊಳ್ಳಿ. ತಗ್ಗಿನ ರಸ್ತೆಯಾದರೆ ಜೋರು ಮಳೆಯಲ್ಲಿ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ವಿದ್ಯಾರಣ್ಯಪುರಂನ ಸೂಯೆಜ್ ಫಾರಂ ಕಡೆಯಿಂದ ಗಾಳಿ ಬೀಸಿದಾಗ ವಾಸನೆ ಬರುತ್ತಾ ಅಂತಲೂ ಕೇಳಿ. ಅಲ್ಲಿ ವರ್ಷಗಟ್ಟಲೆ ಕಸ ಗುಡ್ಡ ಬಿದ್ದಿತ್ತು. ವಾಸನೆ ಎಲ್ಲ ರಸ್ತೆಗೂ ಬರೋದಿಲ್ಲ, ಎಲ್ಲ ದಿನವೂ ಬರೋದಿಲ್ಲ. ಆದ್ದರಿಂದ ಸಂಜೆ ಒಂದು ಸಲ ಹೋಗಿ ಅರ್ಧ ಗಂಟೆ ನಿಂತು ಬನ್ನಿ.

ಪೂರ್ವದ ಸಿದ್ಧಾರ್ಥನಗರ, ಆಲನಹಳ್ಳಿ, ಲಲಿತಮಹಲ್ ಸುತ್ತಮುತ್ತ ನನಗೆ ಇಷ್ಟ. ಬೆಟ್ಟದ ಗಾಳಿ, ಕಾರಂಜಿ ಕೆರೆ. ಜಿಲ್ಲಾಧಿಕಾರಿ ಕಚೇರಿ ಸಿದ್ಧಾರ್ಥನಗರಕ್ಕೆ ಬಂದ ಮೇಲೆ ಆ ಕಡೆ ಓಡಾಟ ಹೆಚ್ಚಾಗಿದೆ. ಕಾರಿನಲ್ಲಿ ಬೆಂಗಳೂರಿಗೆ ಹೋಗೋರಿಗೆ ಊರೊಳಗೆ ನುಗ್ಗದೆ ರಿಂಗ್ ರೋಡಿನಿಂದಲೇ 2023ರಲ್ಲಿ ಶುರುವಾದ ಎಕ್ಸ್‌ಪ್ರೆಸ್‌ವೇ ಹಿಡಿಯಬಹುದು. ಹೆಬ್ಬಾಳದಲ್ಲಿ ಕೆಲಸ ಇರೋರಿಗೆ ಮಾತ್ರ ಇದು ಊರಿನ ಇನ್ನೊಂದು ತುದಿ.

"ನೀವು ಯಾವ ಪೈಕಿ?"

ಇದನ್ನು ಯಾವ ಬ್ರೋಕರೂ ಮೊದಲೇ ಹೇಳೋದಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ಮೈಸೂರಿನ ಒಳ್ಳೊಳ್ಳೆ ಬಡಾವಣೆಗಳಲ್ಲಿ ಮನೆ ತೋರಿಸಿ, ಕಾಫಿ ಕೊಟ್ಟು, ಮೆಲ್ಲಗೆ ಕೇಳುವ ಪ್ರಶ್ನೆ ಇದು. ಕೆಲವರು ಗೇಟಿಗೇ 'ವೆಜಿಟೇರಿಯನ್ಸ್ ಓನ್ಲಿ' ಅಂತ ಹಾಕಿರುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು, ಮುಸ್ಲಿಮರು, ಕಾಲೇಜಿನ ಹತ್ತಿರ ಮನೆಗಾಗಿ ಐದು ತಿಂಗಳು ಅಲೆದರು. ಫೋನಿನಲ್ಲಿ "ಖಾಲಿ ಇದೆ, ಬನ್ನಿ" ಅಂದವರು ಹೆಸರು ಕೇಳಿದ ಮೇಲೆ "ನಿನ್ನೆ ತಾನೆ ಕೊಟ್ಟುಬಿಟ್ಟೆವು" ಅನ್ನುತ್ತಿದ್ದರು. ಕಡೆಗೆ ರಾಜೀವನಗರದಲ್ಲಿ ಮನೆ ಸಿಕ್ಕಿತು. ದಿನಾ ಊರನ್ನೇ ದಾಟಿ ಬರುತ್ತಾರೆ. ಇದು ತಪ್ಪು. ಬಾಡಿಗೆ ಸರಿಯಾಗಿ ಕೊಡುವ, ಮನೆ ಚೆನ್ನಾಗಿಟ್ಟುಕೊಳ್ಳುವ ಸಂಸಾರಕ್ಕೆ ಹೆಸರು ನೋಡಿ ಬಾಗಿಲು ಹಾಕೋದನ್ನು ನಾನು ಒಪ್ಪೋದಿಲ್ಲ. ಮನೆ ಬಾಡಿಗೆಗೆ ಕೊಡೋರು ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ.

ಅಂದ ಹಾಗೆ ರಾಜೀವನಗರ, ಉದಯಗಿರಿ, ಎನ್.ಆರ್. ಮೊಹಲ್ಲಾ ಕಡೆಗೆ ಬ್ರೋಕರುಗಳು ಹೊಸಬರನ್ನು ಕರಕೊಂಡೇ ಹೋಗೋದಿಲ್ಲ. ಆ ಸಹೋದ್ಯೋಗಿಯ ಮನೆಗೆ ನಾನು ಹಲವು ಸಲ ಹೋಗಿದ್ದೇನೆ. ಬಾಡಿಗೆ ಕಡಿಮೆ, ರಾತ್ರಿ ಹತ್ತಕ್ಕೂ ಅಂಗಡಿ ತೆರೆದಿರುತ್ತವೆ, ಹೆಂಗಸರು ಮಕ್ಕಳು ಬೀದಿಯಲ್ಲಿ ಓಡಾಡುತ್ತಿರುತ್ತಾರೆ. ಗಲ್ಲಿಗಳು ಇಕ್ಕಟ್ಟು, ಕಸ ಎತ್ತೋದು ತಡ. ಕೆ.ಆರ್. ಆಸ್ಪತ್ರೆಗೆ, ಮಂಡಿ ಮಾರುಕಟ್ಟೆಗೆ ಹತ್ತಿರ. ನೋಡದೆ ಬೇಡ ಅನ್ನಬೇಡಿ.

ಬಾಡಿಗೆಯಲ್ಲ, ಕೊಳ್ಳುತ್ತೇವೆ ಅನ್ನೋರಿಗೆ

ರಿಂಗ್ ರೋಡಿನ ಆಚೆ ಸೈಟು ಅಗ್ಗ. ಅಗ್ಗ ಯಾಕೆ ಅಂತ ಕಾಗದ ಓದಿ ತಿಳಿಯಬೇಕು. 2020ರ ಆಸುಪಾಸಿನಲ್ಲಿ ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು. ಅಂದರೆ ಎದುರುಬದುರು ಎರಡು ಬಡಾವಣೆಗೆ ಕಸ ಎತ್ತೋರು ಬೇರೆ, ತೆರಿಗೆ ಕಟ್ಟುವ ಕಚೇರಿ ಬೇರೆ ಆಗಿರಬಹುದು. ಸೈಟು ಯಾರ ವ್ಯಾಪ್ತಿಗೆ ಬರುತ್ತೆ, ಲೇಔಟಿಗೆ ಮಂಜೂರಾತಿ ಕೊಟ್ಟದ್ದು ಮೈಸೂರಿನ ಅಭಿವೃದ್ಧಿ ಪ್ರಾಧಿಕಾರವೇ ಅಲ್ಲವೇ, ಭೂಪರಿವರ್ತನೆ (ಹೊಲದ ಜಮೀನನ್ನು ಮನೆ ಕಟ್ಟುವ ಜಾಗ ಅಂತ ಬದಲಿಸೋದು) ಆಗಿದೆಯಾ, ಇಷ್ಟು ಮೊದಲು ಕೇಳಿ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ) ಬೇಕೇ ಬೇಕು. ಇ.ಸಿ.ಯನ್ನು, ಅಂದರೆ ಆಸ್ತಿಯ ಋಣಭಾರ ಪತ್ರವನ್ನು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿನಲ್ಲಿ ನೀವೇ ತೆಗೆಸಿಕೊಳ್ಳಬಹುದು, ಮಾರುವವರು ಕೊಟ್ಟ ಜೆರಾಕ್ಸ್ ನಂಬಿ ಕೂರಬೇಡಿ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಹೊಸ ಲೇಔಟ್ ಮಾಡಿ ಮಾರುತ್ತಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ. ನಾನು ಹೇಳೋದು ಇಷ್ಟು: ಅಡ್ವಾನ್ಸ್ ಕೊಡುವ ಮೊದಲು ಒಬ್ಬ ವಕೀಲರಿಗೆ ಕಾಗದ ತೋರಿಸಿ. ಅದಕ್ಕೆ ಕೊಡುವ ಫೀಸು ದಂಡ ಅಲ್ಲ.

ಆಗೋದಾದರೆ ಮೊದಲು ಅದೇ ಬಡಾವಣೆಯಲ್ಲಿ 11 ತಿಂಗಳು ಬಾಡಿಗೆಗೆ ಇದ್ದು ನೋಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೆ ಜಾಗದ ಗುಣ ಗೊತ್ತಾಗುತ್ತದೆ. ಭೋಗ್ಯಕ್ಕೆ ಹಾಕಿಕೊಳ್ಳೋರು ಇನ್ನೂ ಹುಷಾರಾಗಿರಬೇಕು. ಬಾಡಿಗೆ ಇಲ್ಲ ಅಂತ ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು, ಮನೆಯ ಮೇಲೆ ಬ್ಯಾಂಕ್ ಸಾಲ ಇದೆ ಅಂತ ಆಮೇಲೆ ತಿಳಿದರೆ ದುಡ್ಡು ವಾಪಸ್ ಬರೋದು ಕಷ್ಟ.

ಮೂರು ಹೊತ್ತು ನೋಡಿ

ಬಡಾವಣೆ ನಿಕ್ಕಿ ಆದ ಮೇಲೆ ಮನೆಯನ್ನು ಮೂರು ಹೊತ್ತು ನೋಡಬೇಕು. ಬೆಳಗ್ಗೆ ಏಳಕ್ಕೆ ಹೋದರೆ ನೀರು, ಹಾಲು, ಶಾಲಾ ವ್ಯಾನಿನ ವಿಷಯ ತಿಳಿಯುತ್ತದೆ. ರಾತ್ರಿ ಎಂಟಕ್ಕೆ ಹೋದರೆ ಬೀದಿದೀಪ, ನಾಯಿ, ಆಟೋದವರು ಬರುತ್ತಾರೋ ಇಲ್ಲವೋ ಗೊತ್ತಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಯಾರೂ ಹೋಗೋದಿಲ್ಲ, ಆದರೆ ಅದೇ ಮುಖ್ಯ. ಮೈಸೂರಲ್ಲಿ ಸಾಮಾನ್ಯವಾಗಿ ಓನರ್ ಕೆಳಗೆ, ಬಾಡಿಗೆಯವರು ಮೇಲೆ. ಮೇಲೆ ತಾರಸಿ ಕಾದರೆ ಏಪ್ರಿಲ್‌ನಲ್ಲಿ ಫ್ಯಾನಿನಿಂದ ಬಿಸಿಗಾಳಿ ಬರುತ್ತದೆ. ಮನೆಯಲ್ಲಿ ಇರೋರಿಗೆ ಮಾತ್ರ ಆ ಸೆಕೆ ಗೊತ್ತಾಗೋದು. ಮೆಟ್ಟಿಲನ್ನೂ ಎಣಿಸಿ. ಮಂಡಿ ನೋವಿರುವವರಿಗೆ 18 ಮೆಟ್ಟಿಲು ಅಂದರೆ ದಿನಕ್ಕೆ ಒಂದೇ ಸಲ ಇಳಿಯೋದು, ಆಮೇಲೆ ಅದೂ ನಿಲ್ಲುತ್ತದೆ.

ಮೂರನೇ ಭಾನುವಾರ ಒಂಟಿಕೊಪ್ಪಲ್‌ನಲ್ಲಿ ಒಂದು ನೆಲಮಹಡಿಯ ಮನೆ ಸಿಕ್ಕಿತು. ಎರಡೇ ಬೆಡ್‌ರೂಮು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ನಲ್ಲಿಯ ಬಾಯಿ ಮಾತ್ರ ಫಳಫಳ ಹೊಳೆಯುತ್ತಿತ್ತು. ತಂಗಿಗೆ ವಿಜಯನಗರದ ಕಿಚನ್ ಬಿಟ್ಟದ್ದು ಇವತ್ತಿಗೂ ಸ್ವಲ್ಪ ಬೇಸರ. ಅವಳ ಗಂಡ ಕಾರನ್ನು ರಸ್ತೆಯಲ್ಲೇ ನಿಲ್ಲಿಸಬೇಕು, ಎದುರು ಮನೆಯವರ ಜೊತೆ ಈಗಾಗಲೇ ಒಂದು ಸಲ ಮಾತಿಗೆ ಮಾತು ಬೆಳೆದಿದೆ. ದೊಡ್ಡವಳು ಪಿಯುಗೆ ಎಲ್ಲಿಗೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಯುಗಾದಿಯ ಹಿಂದಿನ ದಿನ ನಾನು ಹೋದಾಗ ಅತ್ತೆಯವರು ಮನೆಯಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೇಟು ತೆಗೆದ ಸದ್ದಾಯಿತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮಾವಿನ ಸೊಪ್ಪು, ಬೇವಿನ ಹೂವಿನ ಚೀಲ. ಒಬ್ಬರೇ ಹೋಗಿದ್ದರು. "ಬೇವಿನ ಹೂವಿಗೆ ಇಪ್ಪತ್ತು ರೂಪಾಯಿ ಅಂದಳು ಕಣಮ್ಮ, ಹತ್ತಕ್ಕೆ ಇಳಿಸಿದೆ" ಅಂದರು.